ರುಚಿ ನೋಡುವ ಸರದಿ

ಸೊಸೆ ಸರ್ಕಾರಿ ಶಾಲೆಯ ಪೋಷಕರ ಸಮಿತಿಗೆ ಅಧ್ಯಕ್ಷೆಯಾದದ್ದು ಜಯಲಕ್ಷ್ಮಮ್ಮನವರಿಗೆ ಅಷ್ಟೇನೂ ಬೇಜಾರಿನ ವಿಷಯವಾಗಿರಲಿಲ್ಲ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಯಾರೋ ಬೇಯಿಸಿದ ಅನ್ನವನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂಬುದು ಮಾತ್ರ ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಅಧ್ಯಕ್ಷೆ ಅಂದ್ರೆ ಕಾಗದಕ್ಕೆ ಕೈಯೆಳುತ್ತು ಹಾಕೋದು, ಸಹಿ. ಸಾಪಾಟು ತಿನ್ನೋದಲ್ಲ," ಎಂದರು.

"ಒಂದೇ ಚಮಚ ಅತ್ತೆ. ನಮ್ಮಲ್ಲಿ ಒಬ್ರು ತಿಂದು ನೋಡದೆ ಮಕ್ಕಳಿಗೆ ಬಡಿಸೋ ಹಾಗಿಲ್ಲ. ನಾವೇ ಹಠ ಹಿಡಿದು ಮಾಡಿಸಿದ ರೂಲ್ಸು ಅದು."

"ಒಂದು ಚಮಚದಲ್ಲಿ ಇರೋದೂ ಅನ್ನವೇ. ಬಂದ ಮೇಲೆ ತಲೆಗೆ ನೀರು ಹಾಕ್ಕೊಂಡು ಅಡುಗೆಮನೆಗೆ ಬಾ."

ಹೀಗಾಗಿ ಬುಧವಾರ ಸುಮೇಧಾಳಿಗೆ ಎರಡು ಸ್ನಾನ. ತ್ರಿಪ್ಲಿಕೇನಿನ ಆ ಹಳೆಯ ಮನೆಯಲ್ಲಿ ನೀರು ಬರುವುದೇ ಬೆಳಿಗ್ಗೆ ಒಂದು ಗಂಟೆ ಹೊತ್ತು. ಎರಡನೆಯ ಸ್ನಾನದ ನೀರನ್ನು ಅವಳು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಡಬೇಕಿತ್ತು.

ಈ ಕುಟುಂಬ ಮದರಾಸಿಗೆ ಬಂದು ನಾಲ್ಕು ತಲೆಮಾರಾಗಿತ್ತು. ಯಜಮಾನ ಬದರಿನಾಥರು ಹಡಗು ಕಂಪನಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಮಗ ಸಂಜೀವ ಮಣಲಿಯ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಕಂಪನಿಯಲ್ಲಿದ್ದ. ಸುಮೇಧಾ ಹನ್ನೆರಡು ವರ್ಷದ ಹಿಂದೆ ನಂಜನಗೂಡಿನಿಂದ ಸೊಸೆಯಾಗಿ ಬಂದವಳು. ಒಬ್ಬಳೇ ಮಗಳು ಸಂಹಿತಾ ನಾಲ್ಕನೆಯ ಕ್ಲಾಸು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಕೊಡುತ್ತಿದ್ದಳು.

ವರ್ಷದ ಮೊದಲಿಗೆ ಸಂಜೀವನ ಕಂಪನಿ ಬಾಗಿಲು ಹಾಕಿತು. ಎಂಟು ತಿಂಗಳು ಅವನು ಮನೆಯಲ್ಲಿ ಪೇಪರು ಓದುತ್ತ ಕುಳಿತ. ಜೂನ್ ಬಂದಾಗ ಸಂಹಿತಾಳನ್ನು ಪ್ರೈವೇಟ್ ಶಾಲೆಯಿಂದ ಬಿಡಿಸಿ ಕೊಳದ ಬೀದಿಯ ಸರ್ಕಾರಿ ಶಾಲೆಗೆ ಸೇರಿಸಿದರು. ಮೊಮ್ಮಗಳು ತಮಿಳು ಚೆನ್ನಾಗಿ ಕಲಿಯಲಿ ಎಂದು ಸೇರಿಸಿದ್ದೇವೆ ಎಂದು ಜಯಲಕ್ಷ್ಮಮ್ಮ ಅಕ್ಕಪಕ್ಕದವರಿಗೆ ಹೇಳಿದರು. ಯಾರೂ ನಂಬಲಿಲ್ಲ, ಯಾರೂ ಎದುರಾಡಲೂ ಇಲ್ಲ.

ಕೆಲಸ ಹೋದ ತಿಂಗಳಲ್ಲೇ ಅವರು ಒಂದು ಹರಕೆಯನ್ನೂ ಹೊತ್ತರು. ಒಂದು ವರ್ಷದ ಇಪ್ಪತ್ತನಾಲ್ಕು ಏಕಾದಶಿಯನ್ನೂ ಸೊಸೆ ನಿರಾಹಾರ ಮಾಡುತ್ತಾಳೆ, ಮಗನಿಗೆ ಕೆಲಸ ಸಿಗಲಿ ಎಂದು. ತಾವೇ ಮಾಡೋಣವೆಂದರೆ ಸಕ್ಕರೆ ಕಾಯಿಲೆ. ಹರಕೆ ಹೊತ್ತವರು ಒಬ್ಬರು, ಹೊಟ್ಟೆ ಕಟ್ಟಿಕೊಂಡವಳು ಇನ್ನೊಬ್ಬಳು. ಆದರೆ ಹದಿನೈದನೆಯ ಏಕಾದಶಿಯ ಮಾರನೆಯ ದಿನವೇ ಸಂಜೀವನಿಗೆ ಮಣಲಿಯ ಇನ್ನೊಂದು ಕಂಪನಿಯಿಂದ ಪತ್ರ ಬಂತು. ಅಲ್ಲಿಂದ ಮುಂದೆ ಸುಮೇಧಾಳೂ ಮನಸಾರೆ ಉಪವಾಸ ಮಾಡಿದಳು. ಅಷ್ಟು ಹೊತ್ತಿಗೆ ಅವಳು ಅಧ್ಯಕ್ಷೆಯೂ ಆಗಿದ್ದಳು.

ಕೊಳದ ಬೀದಿಯ ಶಾಲೆಗೆ ಹಿಂದೆ ಸ್ವಂತ ಅಡುಗೆಮನೆ ಇತ್ತು. ಸೂರು ಸೋರುತ್ತದೆಂದು ಎರಡು ವರ್ಷದ ಹಿಂದೆ ಬೀಗ ಹಾಕಿದ್ದರು. ಅಂದಿನಿಂದ ಮಧ್ಯಾಹ್ನದ ಊಟ ಕೋಯಂಬೇಡಿನಾಚೆಯ ಯಾವುದೋ ಶೆಡ್ಡಿನಿಂದ ಗುತ್ತಿಗೆದಾರನ ವ್ಯಾನಿನಲ್ಲಿ ಬರುತ್ತಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿದ ದಿನ ಅನ್ನ ಹಳಸಿರುತ್ತಿತ್ತು. ತಾಯಂದಿರು ಫೋಟೋ ತೆಗೆದರು, ಸಹಿ ಕೂಡಿಸಿದರು, ಮೂರು ಸಲ ಶಿಕ್ಷಣ ಇಲಾಖೆಯ ಆಫೀಸಿನ ಮೆಟ್ಟಿಲ ಮೇಲೆ ಕುಳಿತರು. ಅರ್ಜಿಗಳನ್ನೆಲ್ಲ ಬದರಿನಾಥರೇ ಬರೆದುಕೊಟ್ಟರು. 'ರೆಸ್ಪೆಕ್ಟೆಡ್ ಸರ್' ಎಂದು ಶುರು ಮಾಡಿದರೆ ಮುದುಕರಿಗೆ ಹತ್ತು ವರ್ಷ ಕಡಿಮೆಯಾಗುತ್ತಿತ್ತು. ಕೊನೆಗೆ ಅಧಿಕಾರಿ ಒಂದು ಮಾತು ಕೊಟ್ಟ. ದಿನಾ ಒಬ್ಬ ತಾಯಿ ಊಟದ ರುಚಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಲಿ; ಮೂರು ತಿಂಗಳ ನೋಟ್‌ಬುಕ್ ನೋಡಿ ಅಡುಗೆಮನೆ ಮತ್ತೆ ತೆರೆಯುವ ವಿಷಯ ತೀರ್ಮಾನಿಸೋಣ ಎಂದ.

ಆ ನೋಟ್‌ಬುಕ್ ತಾಯಂದಿರಿಗೆ ಪ್ರಾಣವಾಯಿತು. 'ಹುಳಿ ವಾಸನೆ, ವಾಪಸು ಕಳಿಸಿದೆವು' ಎಂದು ಹನ್ನೊಂದು ದಿನ ದಾಖಲಾಗಿತ್ತು. ಮೂರು ತಿಂಗಳಿಗೆ ಇನ್ನು ಒಂದೇ ವಾರ ಉಳಿದಿತ್ತು. ಸರದಿ ತಪ್ಪಿಸಿದವರನ್ನು ಸುಮೇಧಾ ಸುಮ್ಮನೆ ಬಿಡುತ್ತಿರಲಿಲ್ಲ. ಶಾಲೆಯ ಪಕ್ಕದ ಬೀದಿಯಲ್ಲಿ ಗಂಡನ ಜೊತೆ ಮೆಸ್ ನಡೆಸುವ ರಂಜನಿ ಒಂದು ಶುಕ್ರವಾರ ಹತ್ತು ನಿಮಿಷ ತಡವಾಗಿ ಬಂದಾಗ ಎಲ್ಲರೆದುರಿಗೆ, "ನಿಮಗೆ ನಿಮ್ಮ ಇಡ್ಲಿ ಮುಖ್ಯ, ಮಕ್ಕಳಲ್ಲ," ಎಂದುಬಿಟ್ಟಿದ್ದಳು. ರಂಜನಿಯ ಮಗಳು ನಂದಿತಾ ಸಂಹಿತಾಳ ಪಕ್ಕದಲ್ಲೇ ಕೂರುವ ಹುಡುಗಿ.

ಸುಮೇಧಾಳ ಇನ್ನೊಂದು ಸಂಗತಿ ಹೇಳಬೇಕು. ಅತ್ತೆಯ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯನ್ನು ನಾಲಗೆಗೆ ತಾಗಿಸುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಹಬೆಯ ವಾಸನೆಯಿಂದಲೇ ತಿಳಿಯಬೇಕು. ಮೊದಮೊದಲು ಅವಳು ಉಪ್ಪು ತಪ್ಪಿಸಿ ಬೈಸಿಕೊಂಡಳು. ಆಮೇಲೆ ಮುಚ್ಚಳ ತೆಗೆದ ಕೂಡಲೇ, "ಒಂದು ಚಿಟಿಕೆ ಉಪ್ಪು ಸಾಲದು," ಎನ್ನುವಷ್ಟು ಮೂಗು ಪಳಗಿತು. ಜಯಲಕ್ಷ್ಮಮ್ಮ ಸೊಸೆಯನ್ನು ಬಾಯಿತುಂಬ ಹೊಗಳಿದ್ದೆಂದರೆ ಆ ಒಂದು ವಿಷಯಕ್ಕೆ.

ಇಪ್ಪತ್ತನೆಯ ಏಕಾದಶಿ ಬುಧವಾರ ಬಂತು.

ಅಂದು ವ್ಯಾನು ಬಂದಾಗ ಹನ್ನೆರಡೂ ಇಪ್ಪತ್ತು. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಬಡಿಸುವ ಆಯಾ ಸಾಕಮ್ಮ ಹೊಸೂರಿನ ಕಡೆಯವಳು. ಶಾಲೆಯಲ್ಲಿ ಸುಮೇಧಾಳ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅವಳು ಡ್ರಮ್ಮಿನ ಮುಚ್ಚಳ ತೆಗೆದು ಚಮಚದಲ್ಲಿ ಸಾಂಬಾರ್ ಅನ್ನ ತುಂಬಿ ಹಿಡಿದಳು. ಸುಮೇಧಾ ಬಗ್ಗಿ ಮೂಸಿದಳು. ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಇಳಿಯದ ಹೊಟ್ಟೆ. ಇಂಗು, ಬೇಳೆ, ಬಿಸಿ ಅನ್ನ ಎಲ್ಲ ಸೇರಿ ತಲೆ ತಿರುಗುವಷ್ಟು ಘಮಘಮಿಸಿತು.

"ಚೆನ್ನಾಗಿದೆ. ಬಡಿಸಿ ಸಾಕಮ್ಮ."

"ಯಾಕಮ್ಮ, ಬಾಯ್ಗೆ ಆಕ್ಕಣಲ್ವಾ?"

"ಇವತ್ತು ಏಕಾದಶಿ."

"ಅಂಗಾರೆ ರಂಜ್ನಿ ಅಮ್ಮುಂಗೊಂದು ಪೋನ್ ಮಾಡಿ. ಐದು ನಿಮ್ಷದಾಗೆ ಬತ್ತಾರೆ."

ರಂಜನಿಯನ್ನು ಕರೆಯುವುದೆಂದರೆ, ನನ್ನ ಸರದಿ ನನಗೆ ಆಗಲಿಲ್ಲ ಎಂದು ಒಪ್ಪಿಕೊಂಡಂತೆ. ಹೋದ ಶುಕ್ರವಾರ ಅಷ್ಟು ಮಾತಾಡಿ, ಈ ಬುಧವಾರ ಅವಳ ಮುಂದೆ ಕೈಚಾಚುವುದೇ? ಸುಮೇಧಾ ತಲೆಯಾಡಿಸಿದಳು.

"ಬೇಡ ಬಿಡಿ. ಮಕ್ಕಳು ಹಸಿದಿದಾರೆ. ನನ್ನ ಮೂಗು ಸುಳ್ಳು ಹೇಳಲ್ಲ."

ನೋಟ್‌ಬುಕ್ ತೆಗೆದು ಬರೆದಳು: '12.25. ರುಚಿ ನೋಡಿದೆ. ಚೆನ್ನಾಗಿದೆ.' ಕೆಳಗೆ ಸಹಿ.

ಸಂಹಿತಾ ಅಂದೂ ಅಜ್ಜಿ ಕೊಟ್ಟ ಸಬ್ಬಕ್ಕಿ ಉಪ್ಪಿಟ್ಟಿನ ಡಬ್ಬಿ ತೆರೆದು ಕೂತಳು. ಉಳಿದವರು ಸಾಂಬಾರ್ ಅನ್ನ ಉಂಡರು. ಮೂರು ಗಂಟೆಗೆ ಮೊದಲ ಹುಡುಗಿ ಕ್ಲಾಸಿನಲ್ಲೇ ವಾಂತಿ ಮಾಡಿದಳು. ನಾಲ್ಕೂವರೆಯ ಹೊತ್ತಿಗೆ ನಲವತ್ತೊಂದು ಮಕ್ಕಳು ಆಸ್ಪತ್ರೆಯಲ್ಲಿದ್ದರು. ಒಂದೊಂದು ಮಂಚದ ಮೇಲೆ ಇಬ್ಬಿಬ್ಬರು, ಕೈಗೆ ಡ್ರಿಪ್ಪು.

ಜೀವಕ್ಕೆ ಯಾರಿಗೂ ಅಪಾಯವಾಗಲಿಲ್ಲ. ನಂದಿತಾ ಮಾತ್ರ ಕಣ್ಣು ಬಿಡುತ್ತಿರಲಿಲ್ಲ. ಹಿಟ್ಟು ಮೆತ್ತಿದ ಸೀರೆಯಲ್ಲೇ ಓಡಿ ಬಂದಿದ್ದ ರಂಜನಿ ಮಗಳ ಕಾಲು ತಿಕ್ಕುತ್ತ ಸುಮೇಧಾಳನ್ನು ನೋಡಿದಳು.

"ನೀವು ತಿಂದ್ರಲ್ಲ, ನಿಮಗೇನೂ ಆಗಿಲ್ಲವಾ?" ಎಂದು ತಮಿಳಿನಲ್ಲಿ ಕೇಳಿದಳು. ಕೇಳಿದ ದನಿಯಲ್ಲಿ ಕಾಳಜಿಯೇ ಇತ್ತು.

"ಒಂದು ಚಮಚ ತಾನೇ," ಎಂದಳು ಸುಮೇಧಾ.

ಮೊದಲ ಸುಳ್ಳನ್ನು ಬರೆದಿದ್ದಳು. ಎರಡನೆಯದನ್ನು ಬಾಯಿಬಿಟ್ಟು ಹೇಳಿಯೂ ಆಯಿತು.

ಮಾರನೆಯ ದಿನ ದ್ವಾದಶಿ. ಬೆಳಿಗ್ಗೆ ಆರೂವರೆಗೆಲ್ಲ ಎಲೆ ಹಾಕಿದ್ದರು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಬಿಸಿ ಅನ್ನ. ಸುಮೇಧಾ ಎಲೆಯ ಮುಂದೆ ಕೂತಳು, ಕೈ ಮುಂದೆ ಹೋಗಲಿಲ್ಲ.

"ಪಾರಣೆ ಹೊತ್ತು ಮೀರತ್ತೆ, ಉಣ್ಣು," ಎಂದರು ಜಯಲಕ್ಷ್ಮಮ್ಮ. "ಆ ನಂದಿತಾಗೆ ಅರಳಿನ ಗಂಜಿ ಕಾಯಿಸಿ ಇಟ್ಟಿದೇನೆ. ಫ್ಲಾಸ್ಕಲ್ಲಿ ಹಾಕ್ಕೊಂಡು ಹೋಗು. ಪಾಪ, ಚಿನ್ನ ಮಗು."

"ಇನ್ನು ಆ ವ್ಯಾನಿನವನು ಬಚಾವಾಗಲ್ಲ," ಎಂದರು ಬದರಿನಾಥರು ಉತ್ಸಾಹದಿಂದ. "ಇಷ್ಟು ದೊಡ್ಡ ಎವಿಡೆನ್ಸ್ ಸಿಕ್ಕಿದೆ. ಇವತ್ತೇ ಒಂದು ಸ್ಟ್ರಾಂಗ್ ಲೆಟರ್ ಹಾಕೋಣ. ಅಡುಗೆಮನೆ ವಿಷಯ ಮುಡಿಂಜದು, ಮುಗೀತು. ಬಂದ ಹಾಗೇ ಅದು."

"ಅಮ್ಮಾ ಸಾಪ್ಪಿಡವೇ ಇಲ್ಲೆ, ತಾತಾ," ಎಂದಳು ಸಂಹಿತಾ, ಬೂಟಿನ ಲೇಸು ಕಟ್ಟುತ್ತ. ಅಮ್ಮ ತಿನ್ನಲೇ ಇಲ್ಲ ತಾತ. "ನಾನ್ ಪಾತ್ತೇನ್. ಮೋಂದು ಪಾತ್ತಾ, ಅವ್ಳೋದಾನ್." ನಾನು ನೋಡಿದೆ, ಬರೀ ಮೂಸಿ ನೋಡಿದಳು, ಅಷ್ಟೇ.

ಬದರಿನಾಥರ ಕೈಯಲ್ಲಿದ್ದ ತುತ್ತು ಎಲೆಗೆ ವಾಪಸಾಯಿತು.

"ಹೌದಾ?" ಎಂದ ಸಂಜೀವ.

ಸುಮೇಧಾ ಹೌದೆಂದಳು.

"ಆದ್ರೆ ತಿಂದೆ ಅಂತ ಬರೆದಿದೀಯ?"

"ಬರೆದಿದೀನಿ."

"ಏನು ಹೆಣ್ಣೇ ನೀನು! ನಲವತ್ತು ಮಕ್ಕಳು ಆಸ್ಪತ್ರೇಲಿದಾರೆ. ಸುಳ್ಳು ರೆಕಾರ್ಡ್ ಅಂದ್ರೆ ಪೊಲೀಸ್ ಕೇಸ್ ಆಗತ್ತೆ, ತೆರಿಯುಮಾ? ನಾನು ಸೇರಿ ಮೂರು ತಿಂಗಳಾಗಿಲ್ಲ, ಪ್ರೊಬೇಷನ್ನಲ್ಲಿದೇನೆ. ಪೇಪರಲ್ಲಿ ಹೆಸರು ಬಂದ್ರೆ?"

"ನಿಮ್ಮ ಹೆಸರು ಯಾಕೆ ಬರತ್ತೆ?"

"ನಿನ್ನ ಹೆಸರಿನ ಪಕ್ಕ ಇರೋದು ಯಾರ ಹೆಸರು?"

"ಏಕಾದಶಿ ದಿನ ಅನ್ನ ಮುಟ್ಟಬೇಕಿತ್ತಾ ಅವಳು?" ಎಂದು ಜಯಲಕ್ಷ್ಮಮ್ಮ ನಡುವೆ ಬಂದರು. "ನಿನ್ನ ಕೆಲಸಕ್ಕೇ ಕಣೋ ಆ ಉಪವಾಸ."

"ನಾನು ಕೇಳಿದ್ನಾ ಅಮ್ಮಾ ಉಪವಾಸ ಮಾಡಿ ಅಂತ?"

"ಯಾರೂ ಕೇಳಲಿಲ್ಲ. ಎಲ್ಲಾ ನನ್ನ ತಲೆ ಮೇಲೆ ಹಾಕಿ," ಎಂದು ಅವರು ಕಣ್ಣೊರೆಸಿಕೊಂಡರು.

ಸುಮೇಧಾ ಅನ್ನ ಕಲಸಿ ಮೂರು ತುತ್ತು ನುಂಗಿ ಎದ್ದಳು. ಗಂಜಿಯ ಫ್ಲಾಸ್ಕ್ ಹಿಡಿದು ಆಸ್ಪತ್ರೆಗೆ ಹೋದಳು. ನಂದಿತಾ ಕಣ್ಣು ಬಿಟ್ಟಿದ್ದಳು. ರಂಜನಿ ಗಂಜಿ ಕುಡಿಸಿ, "ನಿಮ್ಮ ಅತ್ತೆಗೆ ಹೇಳಿ, ದೇವರು ಚೆನ್ನಾಗಿಟ್ಟಿರಲಿ," ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಸೋಮವಾರ ವಿಚಾರಣೆ ಎಂದು ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬದರಿನಾಥರು ಕನ್ನಡಕ ಹಾಕಿ ಕೂತು, ಎರಡು ಗಂಟೆ ತಿದ್ದಿ ತೀಡಿ ಒಂದು ಹೇಳಿಕೆ ಬರೆದರು. ಓದಿ ಅರ್ಥವನ್ನೂ ಹೇಳಿದರು. ಹನ್ನೆರಡೂ ಇಪ್ಪತ್ತೈದಕ್ಕೆ ನಾನು ರುಚಿ ನೋಡಿದಾಗ ಊಟ ಸರಿಯಾಗಿತ್ತು. ಬಡಿಸಿ ಮುಗಿಯಲು ಒಂದೂಕಾಲು ಆಯಿತು. ಆ ನಡುವೆ ಪಾತ್ರೆ, ಸೌಟು, ತಟ್ಟೆಗಳ ಶುಚಿತ್ವ ಬಡಿಸುವ ಸಿಬ್ಬಂದಿಗೆ ಸೇರಿದ್ದು.

"ಸಾಕಮ್ಮನ ತಲೆಗೆ ಬರತ್ತೆ ಮಾವ ಇದು."

"ಹೆಸರೇ ಹಾಕಿಲ್ಲವಲ್ಲ. 'ಸಿಬ್ಬಂದಿ' ಅಂತ ಜನರಲ್ ಆಗಿ ಹಾಕಿದೇನೆ."

"ಬಡಿಸೋದು ಅವಳೊಬ್ಬಳೇ."

"ಅದು ನಮ್ಮ ಕುತ್ತಮಾ, ನಮ್ಮ ತಪ್ಪಾ? ಇನ್ನೊಬ್ಬರನ್ನ ಇಟ್ಕೋಬೇಕಿತ್ತು ಅವರು."

"ನಿಜ ಹೇಳಿಬಿಡ್ತೀನಿ ಮಾವ. ತಿನ್ನಲಿಲ್ಲ ಅಂತ ಬರೀರಿ."

"ಬರೆದ್ರೆ ಏನಾಗತ್ತೆ ಗೊತ್ತಾ? ತೊಂಬತ್ತು ದಿನದ ನೋಟ್‌ಬುಕ್ಕೂ ಪೊಯ್ಯಿ, ಬರೀ ಸುಳ್ಳು ಅಂತಾರೆ. ನಿಮ್ಮ ಅಡುಗೆಮನೆ ಹೋಗತ್ತೆ. ಕಟ್ಟಿದ್ದನ್ನ ನೀನೇ ಒಡೀತೀಯಾ?"

ಸಂಜೀವ ಪೆನ್ನಿನ ಕ್ಯಾಪು ತೆಗೆದು ಅವಳ ಮುಂದಿಟ್ಟ. ಅಡುಗೆಮನೆ ಉಳಿಯಲಿ ಎಂದೇ ಸಹಿ ಹಾಕುತ್ತಿದ್ದೇನೆ ಎಂದು ಸುಮೇಧಾ ತನಗೆ ತಾನೇ ಹೇಳಿಕೊಂಡಳು. ಗಂಡನ ಮುಖ ನೋಡಿ ಹೆದರಿದ್ದಳು ಎಂಬುದೇ ಹೆಚ್ಚು ನಿಜ.

ವಿಚಾರಣೆ ಹೆಡ್‌ಮಿಸ್ ಕೋಣೆಯಲ್ಲಿ ನಡೆಯಿತು. ಅಧಿಕಾರಿ ಹೇಳಿಕೆಯನ್ನು ಎರಡು ಸಲ ಓದಿದ, ನೋಟ್‌ಬುಕ್ ತಿರುವಿದ, ಬಾಗಿಲ ಬಳಿ ನಿಂತಿದ್ದ ಸಾಕಮ್ಮನನ್ನು ಕೇಳಿದ.

"ಅಮ್ಮ ರುಚಿ ನೋಡಿದ್ದು ನಿಜವಾ?"

ಸಾಕಮ್ಮ ಸುಮೇಧಾಳ ಕಡೆ ನೋಡಿದಳು. ಸುಮೇಧಾ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತಿದ್ದಳು.

"ಅವರು ಬರೆದಿದ್ದಾರಲ್ಲ ಅಯ್ಯಾ," ಎಂದಳು ಸಾಕಮ್ಮ.

ಹತ್ತು ದಿನದಲ್ಲಿ ಆದೇಶ ಬಂತು. ಊಟ ಶಾಲೆಗೆ ತಲುಪಿದಾಗ ಸರಿಯಾಗಿತ್ತೆಂದು ಸಮಿತಿಯ ಅಧ್ಯಕ್ಷೆಯೇ ದೃಢಪಡಿಸಿರುವುದರಿಂದ ಗುತ್ತಿಗೆದಾರನ ತಪ್ಪಿಲ್ಲ. ಬಡಿಸುವಲ್ಲಿ ಶುಚಿತ್ವ ಕಾಯದ ಆಯಾಳನ್ನು ಕೆಲಸದಿಂದ ತೆಗೆಯಲಾಗಿದೆ. ಹೊರಗಿನಿಂದ ಬರುವ ಊಟ ಸಮರ್ಪಕವಾಗಿರುವುದರಿಂದ ಶಾಲೆಯ ಅಡುಗೆಮನೆ ತೆರೆಯುವ ಅಗತ್ಯ ಕಂಡುಬರುವುದಿಲ್ಲ.

ಅಡುಗೆಮನೆ ಉಳಿಸಲು ಬರೆದ ಕಾಗದವೇ ಆ ಅಡುಗೆಮನೆಯ ಕಥೆ ಮುಗಿಸಿತು. ಬದರಿನಾಥರು ಆದೇಶದ ಪ್ರತಿಯನ್ನು ಮೂರು ದಿನ ಓದಿದರು. ಇಂಗ್ಲಿಷ್ ತಪ್ಪುಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಸೊಸೆಯ ಜೊತೆ ಮಾತಾಡಲಿಲ್ಲ.

ವೈಕುಂಠ ಏಕಾದಶಿಯ ಮಾರನೆಯ ದಿನದ ಊಟಕ್ಕೆ ಬಾಳೆಎಲೆ, ತರಕಾರಿ ತರಲು ಸುಮೇಧಾ ಕೋಯಂಬೇಡಿನ ಮಾರ್ಕೆಟ್ಟಿಗೆ ಹೋದಳು. ಈರುಳ್ಳಿ ಅಂಗಡಿಗಳ ಸಾಲಿನಲ್ಲಿ ಹೆಂಗಸರು ಗೋಣಿ ಹರವಿ ಕೊಳೆತದ್ದನ್ನು ಬೇರೆ ಮಾಡುತ್ತ ಕೂತಿದ್ದರು. ಅವರ ನಡುವೆ ಸಾಕಮ್ಮ ಕಾಣಿಸಿದಳು.

"ಬನ್ನಿ ಅಮ್ಮ. ಎಲೆ ತಗಳಾಕೆ ಬಂದ್ರಾ? ಆ ಕೊನೇಲಿ ಅಗ್ಗ," ಎಂದಳು, ಕೈ ನಿಲ್ಲಿಸದೆ.

"ಸಾಕಮ್ಮ, ಅವತ್ತು ನೀವು ಯಾಕೆ ಹೇಳಲಿಲ್ಲ?"

"ಆಯಾ ಮಾತು ಯಾರು ಕೇಳ್ತಾರೆ? ನಾ ಯೋಳಿದ್ರೆ ಕೆಲ್ಸ ಉಳಿಸ್ಕಳಾಕೆ ಯೋಳ್ತಾವ್ಳೆ ಅಂತಿದ್ರು." ಅವಳು ಒಂದು ಈರುಳ್ಳಿ ಎತ್ತಿ ಒತ್ತಿ ನೋಡಿ ಪಕ್ಕಕ್ಕೆ ಎಸೆದಳು. "ನೀವು ಯೋಳ್ತೀರ ಅಂತ ಕಾಯ್ತಿದ್ನಿ. ಆ ರೂಮ್ನಾಗೆ ಕಾಯ್ತಿದ್ನಿ. ಆಮ್ಯಾಕೆ ಮನೇಲೂ ಹತ್ತು ದಿನ ಕಾದೆ."

ಸುಮೇಧಾ ಖಾಲಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಹೋಗ್ಲಿ ಬಿಡಿ. ಅಡಿಗೆಮನೆ ಬಂತಾ?"

"ಇಲ್ಲ."

"ಅದೂ ಬರ್ನಿಲ್ವಾ," ಎಂದಳು ಸಾಕಮ್ಮ. ಆಗ ಮೊದಲ ಬಾರಿಗೆ ಅವಳ ಕೈ ನಿಂತಿತು.

ಆ ಶನಿವಾರ ರಂಜನಿಯ ಮೆಸ್ಸಿನಲ್ಲಿ ತಾಯಂದಿರು ಸೇರಿದ್ದರು. ಬೆಂಚಿನ ಮೇಲೆ ಏಳು ಜನ. ಸುಮೇಧಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಏಕಾದಶಿ, ಮೂಸಿ ನೋಡಿದ್ದು, ಸಹಿ, ಮಾವನ ಹೇಳಿಕೆ, ಸಾಕಮ್ಮ. ಮುಗಿದ ಮೇಲೆ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ಅದಕ್ಕೇ ನಿಮ್ಮ ಮಗಳು ಅವತ್ತು ತಿನ್ನಲಿಲ್ಲ," ಎಂದಳು ಒಬ್ಬಳು.

"ಅವಳು ಯಾವತ್ತೂ ಮನೆ ಡಬ್ಬಿಯೇ ತರೋದು," ಎಂದಳು ಸುಮೇಧಾ. ಹೇಳಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ರಂಜನಿ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. "ಒಂದು ಫೋನ್ ಮಾಡಿದ್ದರೆ ಬರ್ತಿದ್ದೆನಲ್ಲ. ಇಲ್ಲಿಂದ ಶಾಲೆಗೆ ಐದು ನಿಮಿಷ. ನೀವು ಉಪವಾಸ ಅಂದರೆ ನಾನು ಬೇಡ ಅಂತಿದ್ದೆನಾ?"

"ನಿಮ್ಮನ್ನ ಬೈದಿದ್ದೆನಲ್ಲ. ನಾಚಿಕೆಯಾಯಿತು."

"ನನ್ನ ಮಗಳು ಆ ರಾತ್ರಿಯೆಲ್ಲ ಕಣ್ಣು ಬಿಡಲಿಲ್ಲ ಸುಮೇಧಾ. ನಿಮ್ಮ ನಾಚಿಕೆಗೆ." ಅವಳು ಒಂದು ಬಿಳಿ ಹಾಳೆ ತಂದು ಮುಂದಿಟ್ಟಳು. "ಬರೆದುಕೊಡಿ. ನಿಮ್ಮ ಮಾವ ಬೇಡ. ನೀವೇ, ತಮಿಳಿನಲ್ಲಿ, ನಿಮ್ಮ ಕೈಯಲ್ಲಿ. ಸಾಕಮ್ಮನನ್ನಾದರೂ ಒಳಗೆ ತರೋಣ."

ತಪ್ಪುತಪ್ಪು ತಮಿಳಿನಲ್ಲಿ ಸುಮೇಧಾ ಒಂದೂವರೆ ಪುಟ ಬರೆದಳು. ರಂಜನಿ ಅಕ್ಷರ ತಿದ್ದಿದಳು, ಮಾತು ತಿದ್ದಲಿಲ್ಲ.

ಮನೆಗೆ ಬಂದು ಹಾಗೇ ಹೇಳಿದಳು. ಸಂಜೀವ ಟೀವಿ ಆರಿಸಿದ.

"ಬರೆದು ಕೊಟ್ಟುಬಿಟ್ಟೆಯಾ?"

"ಸೋಮವಾರ ಆಫೀಸಿಗೆ ಹೋಗಿ ಕೊಡ್ತೀವಿ. ಕೇಸ್ ಆದ್ರೆ ಆಗಲಿ ರೀ. ನಾನು ಸುಳ್ಳು ಬರೆದದ್ದು ಹೌದು."

"ಕೇಸೆಲ್ಲ ಆಗಲ್ಲ," ಎಂದ ಅವನು. ದನಿ ಎತ್ತಿರಲಿಲ್ಲ. "ನಿನ್ನ ಲೆಟರನ್ನ ಯಾರೂ ಎತ್ತಿಕೊಳ್ಳಲ್ಲ. ರಜ ಶುರುವಾಗೋ ಮೊದಲೇ ಸಂಹಿತಾ ಟೀಸಿ ತಗೊಂಡಿದೇನೆ. ಹಳೇ ಸ್ಕೂಲಲ್ಲೇ ಸೀಟ್ ಕೊಟ್ಟಿದಾರೆ. ಗುರುವಾರದಿಂದ ಅಲ್ಲಿಗೆ ಹೋಗ್ತಾಳೆ."

"ನನ್ನನ್ನ ಕೇಳದೆ?"

"ಆ ನೋಟ್‌ಬುಕ್ಕಿಗೆ ನೀನು ಸಹಿ ಹಾಕುವಾಗ ನನ್ನ ಕೇಳಿದೆಯಾ?"

"ರೀ, ಮಗು ಆ ಶಾಲೇಲಿ ಇಲ್ಲದಿದ್ದರೆ ನಾನು ಸಮಿತೀಲೂ ಇರಲ್ಲ."

"ಅದಕ್ಕೇ," ಎಂದ ಸಂಜೀವ.

ಸಂಹಿತಾ ಬಾಗಿಲಲ್ಲಿ ನಿಂತಿದ್ದಳು. "ನಂದಿತಾ ಕಿಟ್ಟ ಸೊಲ್ಲವೇ ಇಲ್ಲೆ," ಎಂದಳು. ನಂದಿತಾಗೆ ಹೇಳಿಯೇ ಇಲ್ಲವಲ್ಲ. ಜಯಲಕ್ಷ್ಮಮ್ಮ ಹೊಸ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡುತ್ತ ಕೂತಿದ್ದರು. ಅವರಿಗೂ ಗೊತ್ತಿತ್ತು ಎಂಬುದು ಆಗ ಸುಮೇಧಾಳಿಗೆ ತಿಳಿಯಿತು.

ಸೋಮವಾರ ಅವಳು ರಂಜನಿಯ ಜೊತೆ ಆಫೀಸಿಗೆ ಹೋದಳು. ಅಧಿಕಾರಿ ಹಾಳೆಯನ್ನು ಪೂರ್ತಿ ಓದಲಿಲ್ಲ. ಮೇಲಿನ ಎರಡು ಸಾಲು ನೋಡಿ ಒಂದು ರಿಜಿಸ್ಟರ್ ತೆಗೆದ.

"ನಿಮ್ಮ ಮಗು ಈಗ ಆ ಶಾಲೆಯಲ್ಲಿ ಇಲ್ಲವಲ್ಲಮ್ಮ. ನೀವು ಅಧ್ಯಕ್ಷೆಯೂ ಅಲ್ಲ, ಪೋಷಕರೂ ಅಲ್ಲ. ಹೊರಗಿನವರ ಅರ್ಜಿ ಮೇಲೆ ಮುಗಿದ ವಿಚಾರಣೆ ತೆರೆಯೋಕಾಗಲ್ಲ."

"ಅವತ್ತು ಇದ್ದೆ ಸರ್. ಸಹಿ ನನ್ನದೇ."

"ಅವತ್ತು ಚೆನ್ನಾಗಿದೆ ಅಂದಿರಿ. ಇವತ್ತು ಇಲ್ಲ ಅಂತೀರಿ. ನಾಳೆ ಏನಂತೀರೋ?" ಅವನು ನಗಲಿಲ್ಲ, ಬೈಯಲೂ ಇಲ್ಲ. ಹಾಳೆಯನ್ನು ವಾಪಸು ಕೊಟ್ಟ. "ಇನ್ನೊಂದು ಮಾತು. ತಾಯಂದಿರು ರುಚಿ ನೋಡೋ ಪದ್ಧತಿ ನಿಲ್ಲಿಸಿದ್ದೇವೆ. ಜವಾಬ್ದಾರಿ ಇಲ್ಲದ ಕೆಲಸ ಅದು."

ಮೆಟ್ಟಿಲಿಳಿಯುವಾಗ ರಂಜನಿ ಕೇಳಿದಳು, "ಟೀಸಿ ತಗೊಂಡದ್ದು ನಿಮಗೆ ಯಾವಾಗ ಗೊತ್ತಾಯಿತು?"

"ಶನಿವಾರ ಸಂಜೆ."

"ನಿನ್ನೆ ಹೇಳಬಹುದಿತ್ತು."

"ಹೇಳಬಹುದಿತ್ತು," ಎಂದಳು ಸುಮೇಧಾ.

ರಂಜನಿ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿದಳು. "ಇದು ನನ್ನ ಹತ್ತಿರ ಇರಲಿ. ನಮ್ಮ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ," ಎಂದು ಬಸ್ ಸ್ಟಾಪಿನ ಕಡೆ ನಡೆದಳು. ಬನ್ನಿ ಎನ್ನಲಿಲ್ಲ.

ಆಮೇಲೆ ಒಂದೆರಡು ಸಲ ಸುಮೇಧಾ ಶಾಲೆಯ ಬೀದಿಯಲ್ಲಿ ಹಾದುಹೋದಳು. ಗೇಟಿನ ಹೊರಗೆ ರಂಜನಿ ಮತ್ತು ಇನ್ನಿಬ್ಬರು ತಾಯಂದಿರು ಬಿಸಿಲಲ್ಲಿ ನಿಂತು, ವ್ಯಾನು ಬಂದ ಹೊತ್ತನ್ನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಅವರು ಅವಳನ್ನು ನೋಡಿದರು. ಅವಳು ಇನ್ನೊಂದು ಬದಿಗೆ ದಾಟಿಕೊಂಡಳು.

ಫೆಬ್ರವರಿಯಲ್ಲಿ ಇಪ್ಪತ್ತನಾಲ್ಕನೆಯ ಏಕಾದಶಿ ಮುಗಿಯಿತು. ಮಾರನೆಯ ಬೆಳಿಗ್ಗೆ ಹರಕೆ ಒಪ್ಪಿಸುವ ಊಟ. ಐವರು ಮುತ್ತೈದೆಯರನ್ನು ಕರೆದಿದ್ದರು. ಅವರು ಆಗಲೇ ಹಜಾರದಲ್ಲಿ ಕುಳಿತಿದ್ದರು. ಬದರಿನಾಥರು ಪೂಜೆಯ ಕೋಣೆಯಿಂದ, "ನೈವೇದ್ಯ ಬರಲಿ," ಎಂದು ಎರಡು ಸಲ ಕೂಗಿದ್ದರು. ಸಂಜೀವನ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆದ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು. ಮಡಿಸೀರೆಯುಟ್ಟ ಜಯಲಕ್ಷ್ಮಮ್ಮನವರ ಮುಖದಲ್ಲಿ ವರ್ಷದಿಂದ ಕಾಣದ ಗೆಲುವಿತ್ತು.

"ಎಲ್ಲಾ ನಿನ್ನ ಉಪವಾಸದ ಫಲ," ಎಂದು ಸೊಸೆಯ ಗಲ್ಲ ಮುಟ್ಟಿದರು. "ಹುಳಿ ಆಯ್ತಾ? ಮೂಸಿ ನೋಡು, ಉಪ್ಪು ಶರಿಯಾಗಿದೆಯಾ?"

ಸುಮೇಧಾ ಮುಚ್ಚಳ ತೆಗೆದಳು. ಇಂಗು, ಬೇಳೆ, ಒಗ್ಗರಣೆ. ಮೊನ್ನೆ ರಾತ್ರಿಯಿಂದ ಖಾಲಿಯಿದ್ದ ಹೊಟ್ಟೆಗೆ ಅದು ಘಮಘಮ ಎಂದಿತು. ಅವಳು ಸೌಟಿನಿಂದ ಸ್ವಲ್ಪ ಹುಳಿಯನ್ನು ಅಂಗೈಗೆ ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡಳು. ಅವಸರವಿಲ್ಲದೆ ಚಪ್ಪರಿಸಿದಳು.

"ಅಯ್ಯೋ! ನೈವೇದ್ಯ ಆಗಿಲ್ಲ ಕಣೇ!" ಜಯಲಕ್ಷ್ಮಮ್ಮ ಕಿರುಚಿದ್ದು ಹಜಾರಕ್ಕೂ ಕೇಳಿಸಿತು. "ಎಲ್ಲಾ ಎಂಜಲು ಮಾಡಿಬಿಟ್ಟೆಯಲ್ಲ! ಏನು ಬಂತು ನಿನಗೆ? ಇದನ್ನ ಹೇಗೆ ಬಡಿಸೋದು?"

"ರುಚಿ ನೋಡಿದೆ ಅತ್ತೆ," ಎಂದಳು ಸುಮೇಧಾ. "ಚೆನ್ನಾಗಿದೆ."